ಆದಾಯ ತೆರಿಗೆ, ನ್ಯಾಯ ಮತ್ತು ಸಾರ್ವಜನಿಕ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆದಾಯ ತೆರಿಗೆಯ ಮಾತು ಬಂದಾಗಲೆಲ್ಲ ಚರ್ಚೆ ದರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಶೇ. 30 ಹೆಚ್ಚಾಯಿತು ಎನ್ನುವವರು ಒಂದು ಕಡೆ, ಶೇ. 50 ಆದರೂ ಸಾಲದು ಎನ್ನುವವರು ಇನ್ನೊಂದು ಕಡೆ. ಈ ಪುಟದ ಉತ್ತರಗಳು ಬೇರೊಂದು ಪ್ರಶ್ನೆಗೆ ಹೆಚ್ಚು ಒತ್ತು ಕೊಡುತ್ತವೆ: ಕಾನೂನು ಯಾವುದನ್ನು ಆದಾಯವೆಂದು ಎಣಿಸುತ್ತದೆ, ಯಾವುದನ್ನು ಎಣಿಸದೆ ಬಿಡುತ್ತದೆ, ಹಾಗೆ ಬಿಟ್ಟದ್ದು ಬಹುಪಾಲು ಯಾರ ಕೈಯಲ್ಲಿರುತ್ತದೆ?

ಆದಾಯಕ್ಕೇ ಏಕೆ ತೆರಿಗೆ ಹಾಕಬೇಕು? ಬಳಸಿದ ಸೌಲಭ್ಯಕ್ಕೆ ತಕ್ಕಂತೆ ಶುಲ್ಕ ವಸೂಲಿ ಮಾಡಿದರೆ ಸಾಲದೇ?

ತೆರಿಗೆಯನ್ನು ಸಮರ್ಥಿಸುವ ಎರಡು ಹಳೆಯ ತತ್ವಗಳಿವೆ. ಸರ್ಕಾರದಿಂದ ಪಡೆದ ಪ್ರಯೋಜನಕ್ಕೆ ತಕ್ಕಂತೆ ಕೊಡಬೇಕು ಎಂಬುದು ಒಂದು. ಕೊಡುವ ಶಕ್ತಿಗೆ ತಕ್ಕಂತೆ ಕೊಡಬೇಕು ಎಂಬುದು ಇನ್ನೊಂದು. ಆಡಂ ಸ್ಮಿತ್ 1776ರಲ್ಲಿ ತೆರಿಗೆಯ ನಾಲ್ಕು ಸೂತ್ರಗಳನ್ನು ಹೇಳಿದಾಗ ಮೊದಲನೆಯದರಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಹೆಣೆದಿದ್ದರು: ಪ್ರಜೆಗಳು ತಮ್ಮ ಶಕ್ತಿಗೆ ಅನುಗುಣವಾಗಿ, ಅಂದರೆ ರಾಜ್ಯದ ರಕ್ಷಣೆಯಲ್ಲಿ ತಾವು ಅನುಭವಿಸುವ ವರಮಾನಕ್ಕೆ ಅನುಗುಣವಾಗಿ ಕೊಡಬೇಕು ಎಂಬುದು ಅದರ ಭಾವ. ತೆರಿಗೆ ಖಚಿತವಾಗಿರಬೇಕು, ಕಟ್ಟುವವರಿಗೆ ಅನುಕೂಲವಾದ ಸಮಯದಲ್ಲಿ ವಸೂಲಾಗಬೇಕು, ವಸೂಲಿಯ ಖರ್ಚು ಕಡಿಮೆಯಿರಬೇಕು ಎಂಬವು ಉಳಿದ ಮೂರು ಸೂತ್ರಗಳು.

ಸೇತುವೆಯ ಸುಂಕದಂಥ ಕಡೆ ಪ್ರಯೋಜನದ ತತ್ವ ಸರಿಹೊಂದುತ್ತದೆ. ಆದರೆ ಗಡಿ ಕಾವಲು, ನ್ಯಾಯಾಲಯ, ಸಾಂಕ್ರಾಮಿಕ ರೋಗದ ನಿಯಂತ್ರಣ ಇವುಗಳಿಂದ ಯಾರಿಗೆ ಎಷ್ಟು ಲಾಭವಾಯಿತೆಂದು ಬಿಡಿಸಿ ಹೇಳಲಾಗದು. ಬಡವರ ಮಕ್ಕಳ ಶಾಲೆಗೆ ಬೇಕಾದ ಹಣವನ್ನು ಆ ಮಕ್ಕಳ ಪೋಷಕರಿಂದಲೇ ವಸೂಲಿ ಮಾಡಬೇಕೆಂದರೆ ಶಾಲೆ ತೆರೆದ ಉದ್ದೇಶವೇ ಸೋಲುತ್ತದೆ. ಆದ್ದರಿಂದ ಆಧುನಿಕ ರಾಜ್ಯಗಳು ಹೆಚ್ಚಾಗಿ ಶಕ್ತಿಯ ತತ್ವವನ್ನು ಹಿಡಿದವು, ಶಕ್ತಿಯನ್ನು ಅಳೆಯಲು ಆದಾಯವನ್ನು ಅಳತೆಗೋಲಾಗಿ ಆರಿಸಿಕೊಂಡವು. ಇದು ಪರಿಪೂರ್ಣ ಅಳತೆಯೇನೂ ಅಲ್ಲ. ವರ್ಷಕ್ಕೆ ಸಮಾನ ಆದಾಯವಿರುವ ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ಆಸ್ತಿಯಿದ್ದು ಮತ್ತೊಬ್ಬರಿಗೆ ಸಾಲ ಮಾತ್ರ ಇರಬಹುದು. ಆ ವ್ಯತ್ಯಾಸ ಆದಾಯದ ಲೆಕ್ಕದಲ್ಲಿ ಕಾಣುವುದಿಲ್ಲ.

ಆದಾಯ ತೆರಿಗೆ ಯಾವಾಗ ಹುಟ್ಟಿತು?

ಇಂದಿನ ರೂಪಕ್ಕೆ ಹತ್ತಿರವಾದ ಆದಾಯ ತೆರಿಗೆಯ ಮೂಲದಲ್ಲಿರುವುದು ಯುದ್ಧದ ಖರ್ಚು. ಫ್ರಾನ್ಸಿನ ವಿರುದ್ಧದ ಯುದ್ಧಕ್ಕೆ ಹಣ ಹೊಂದಿಸಲು ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಅದನ್ನು ಜಾರಿಗೆ ತಂದರು. ವರ್ಷಕ್ಕೆ 60 ಪೌಂಡ್‌ಗಿಂತ ಕಡಿಮೆ ಆದಾಯವಿದ್ದವರಿಗೆ ತೆರಿಗೆಯಿರಲಿಲ್ಲ. ಅಲ್ಲಿಂದ ಮೇಲಕ್ಕೆ ದರ ಏರುತ್ತಾ ಹೋಗಿ 200 ಪೌಂಡ್ ದಾಟಿದವರಿಗೆ ಶೇ. 10 ತಲುಪುತ್ತಿತ್ತು. 1802ರಲ್ಲಿ ರದ್ದಾದ ಈ ತೆರಿಗೆಯನ್ನು ಮರುವರ್ಷವೇ ಹೆನ್ರಿ ಆಡಿಂಗ್ಟನ್ ಮತ್ತೆ ತಂದರು. ಗರಿಷ್ಠ ದರವನ್ನು ಅವರು ಶೇ. 5ಕ್ಕೆ ಇಳಿಸಿದರೂ ವಸೂಲಿ ಅದೇ ಪ್ರಮಾಣದಲ್ಲಿ ಕುಸಿಯಲಿಲ್ಲ, ಏಕೆಂದರೆ ಬಾಡಿಗೆ, ಬಡ್ಡಿ, ಸಂಬಳ ಎಂದು ಆದಾಯವನ್ನು ವಿಂಗಡಿಸಿ, ಸಾಧ್ಯವಾದ ಕಡೆ ಹಣ ಕೈಸೇರುವ ಮೊದಲೇ ತೆರಿಗೆ ಮುರಿದುಕೊಳ್ಳುವ ಏರ್ಪಾಡನ್ನು ಅವರು ಮಾಡಿದ್ದರು. ದರಕ್ಕಿಂತ ತಳಹದಿ (ಅಂದರೆ ಯಾವುದರ ಮೇಲೆ ತೆರಿಗೆ ಬೀಳುತ್ತದೆ ಎಂಬುದು) ಮತ್ತು ವಸೂಲಿಯ ವಿಧಾನ ಮುಖ್ಯ ಎಂಬುದಕ್ಕೆ ಇಷ್ಟು ಹಳೆಯ ಸಾಕ್ಷ್ಯವಿದೆ.

1816ರಲ್ಲಿ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸಂಸತ್ತು ತೆರಿಗೆಯನ್ನು ರದ್ದುಗೊಳಿಸಿದ್ದಷ್ಟೇ ಅಲ್ಲ, ಅದರ ದಾಖಲೆಗಳನ್ನೂ ನಾಶಪಡಿಸಲು ಆದೇಶಿಸಿತು. ಜನರಿಗೆ ತೆರಿಗೆಗಿಂತ ತಮ್ಮ ಆದಾಯದ ವಿವರ ಸರ್ಕಾರದ ಕಪಾಟಿನಲ್ಲಿ ಉಳಿಯುವುದೇ ಹೆಚ್ಚು ಅಸಹ್ಯವಾಗಿತ್ತೆಂದು ಕಾಣುತ್ತದೆ. ಶಾಂತಿಕಾಲದ ತೆರಿಗೆಯಾಗಿ ಅದನ್ನು 1842ರಲ್ಲಿ ಮರಳಿ ತಂದವರು ರಾಬರ್ಟ್ ಪೀಲ್. ಭಾರತದಲ್ಲಿ 1857ರ ಬಂಡಾಯದ ನಂತರ ಬರಿದಾದ ಖಜಾನೆಯನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆ ತಂದರು. ಜಪಾನಿಗೆ ಇದು 1887ರಲ್ಲಿ ಬಂತು, ಪ್ರಷ್ಯಾದಲ್ಲಿ 1891ರ ಸುಧಾರಣೆಯಿಂದ ಆಧುನಿಕ ರೂಪ ಪಡೆಯಿತು. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದ ತೆರಿಗೆ 1872ರಲ್ಲಿ ಕೊನೆಗೊಂಡಿತು. 1894ರ ಕಾನೂನನ್ನು ಮರುವರ್ಷವೇ ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು. ಕೊನೆಗೆ 1913ರ 16ನೇ ಸಂವಿಧಾನ ತಿದ್ದುಪಡಿಯೇ ಬೇಕಾಯಿತು. ಆ ವರ್ಷದ ಅಮೆರಿಕನ್ ದರಗಳು ಶೇ. 1ರಿಂದ 7ರವರೆಗೆ ಮಾತ್ರ ಇದ್ದವು, ಬಹುಪಾಲು ಜನರಿಗೆ ಅನ್ವಯಿಸುತ್ತಲೂ ಇರಲಿಲ್ಲ. ಶ್ರೀಮಂತರ ಮೇಲಿನ ತೆರಿಗೆ ಸಾಮಾನ್ಯ ನೌಕರರ ತೆರಿಗೆಯಾಗಿ ಹರಡಿದ್ದು ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ.

ಸಂಬಳ ಹೆಚ್ಚಾಗಿ ಮೇಲಿನ ಹಂತಕ್ಕೆ ಹೋದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆಯೇ?

ಇಲ್ಲ. ಆದಾಯ ತೆರಿಗೆಯ ಬಗೆಗಿನ ತಪ್ಪು ತಿಳಿವಳಿಕೆಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಹಂತಗಳಿರುವ ಪದ್ಧತಿಯಲ್ಲಿ ಮೇಲಿನ ದರ ಆ ಹಂತವನ್ನು ದಾಟಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ.

ಒಂದು ಕಾಲ್ಪನಿಕ ಪದ್ಧತಿಯನ್ನು ಇಟ್ಟುಕೊಳ್ಳೋಣ. ಮುಂದಿನ ಕೆಲವು ಉತ್ತರಗಳಲ್ಲೂ ಇದೇ ಲೆಕ್ಕ ಬರುತ್ತದೆ. ಆದಾಯದ ಮೊದಲ 100 ನಾಣ್ಯಗಳಿಗೆ ತೆರಿಗೆಯಿಲ್ಲ. 100ರಿಂದ 200ರವರೆಗಿನ ಭಾಗಕ್ಕೆ ಶೇ. 10, 200ರಿಂದ 400ರವರೆಗಿನ ಭಾಗಕ್ಕೆ ಶೇ. 20, ಅದಕ್ಕೂ ಮೇಲಿನದಕ್ಕೆ ಶೇ. 30. ಆದಾಯ 390 ಇದ್ದವರು ಕಟ್ಟುವುದು 10 ಮತ್ತು 38 ಸೇರಿ 48. ಕೈಯಲ್ಲಿ ಉಳಿಯುವುದು 342. ಆದಾಯ 410ಕ್ಕೆ ಏರಿದರೆ ಕಟ್ಟುವುದು 10, 40 ಮತ್ತು 3 ಸೇರಿ 53, ಉಳಿಯುವುದು 357. ಇಲ್ಲಿ ಕೊನೆಯ ನಾಣ್ಯದ ಮೇಲಿನ ದರ, ಅಂದರೆ ಸೀಮಾಂತ ದರ, ಶೇ. 30, ಆದರೆ ಒಟ್ಟು ಆದಾಯದ ಮೇಲಿನ ಸರಾಸರಿ ದರ ಸುಮಾರು ಶೇ. 13 ಮಾತ್ರ. ಇನ್ನೂ ದುಡಿಯಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಸೀಮಾಂತ ದರ ಮುಖ್ಯ. ಹೊರೆ ಎಷ್ಟು ಎಂಬ ನ್ಯಾಯದ ಪ್ರಶ್ನೆಗೆ ಸರಾಸರಿ ದರ ಮುಖ್ಯ. ಸಾರ್ವಜನಿಕ ಚರ್ಚೆಯಲ್ಲಿ ಈ ಎರಡನ್ನು ಕಲಸುಮೇಲೋಗರ ಮಾಡುವುದು ಸಾಮಾನ್ಯ, ಕೆಲವೊಮ್ಮೆ ಉದ್ದೇಶಪೂರ್ವಕ ಕೂಡ.

ಒಂದು ಅಪವಾದವಿದೆ. ಆದಾಯ ಒಂದು ಗಡಿ ದಾಟಿದೊಡನೆ ಯಾವುದೋ ರಿಯಾಯಿತಿಯೋ ಸಹಾಯಧನವೋ ಪೂರ್ತಿ ನಿಂತುಹೋಗುವಂತೆ ನಿಯಮ ಮಾಡಿದ್ದರೆ, ಗಡಿಯ ಆಸುಪಾಸಿನಲ್ಲಿ ಹೆಚ್ಚು ಗಳಿಸಿದವರಿಗೆ ನಿಜವಾಗಿಯೂ ಕಡಿಮೆ ಉಳಿಯಬಹುದು. ಅದು ಹಂತಗಳ ದೋಷವಲ್ಲ, ಆ ರಿಯಾಯಿತಿಯ ವಿನ್ಯಾಸದ ದೋಷ.

ಹೆಚ್ಚು ಗಳಿಸುವವರು ಹೆಚ್ಚು ಮೊತ್ತ ಕೊಡುವುದು ಸರಿ. ಹೆಚ್ಚಿನ ದರದಲ್ಲಿಯೇ ಏಕೆ ಕೊಡಬೇಕು?

ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ, ಅವೆಲ್ಲ ಒಂದೇ ಕಡೆ ಬೊಟ್ಟು ಮಾಡುವುದಿಲ್ಲ. ಬ್ರಿಟಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ತೆರಿಗೆಯ ನ್ಯಾಯವನ್ನು ತ್ಯಾಗದ ಸಮಾನತೆಯಾಗಿ ಕಂಡರು: ಎಲ್ಲರಿಗೂ ನೋವು ಸಮನಾಗಿ ತಾಗಬೇಕು. ಆದರೂ ಅವರು ಏರುತ್ತಾ ಹೋಗುವ ದರಗಳನ್ನು ಒಪ್ಪಲಿಲ್ಲ. ಬದುಕಿಗೆ ಅಗತ್ಯವಾದ ಕನಿಷ್ಠ ಆದಾಯವನ್ನು ಬಿಟ್ಟು ಉಳಿದದ್ದಕ್ಕೆ ಒಂದೇ ದರ ಸಾಕೆಂದರು. ಅರ್ಥಶಾಸ್ತ್ರಜ್ಞ ಎಡ್ಜ್‌ವರ್ತ್ 1897ರಲ್ಲಿ, ಒಟ್ಟು ಸುಖವನ್ನು ಗರಿಷ್ಠಗೊಳಿಸಬೇಕೆನ್ನುವ ಅದೇ ಉಪಯುಕ್ತತಾವಾದದ ತರ್ಕವನ್ನು ಕೊನೆಯವರೆಗೆ ಎಳೆದರು. ಆದಾಯ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ನಾಣ್ಯ ಕೊಡುವ ತೃಪ್ತಿ ಕಡಿಮೆಯಾಗುತ್ತದೆ ಎಂದು ಒಪ್ಪಿದರೆ, ಒಟ್ಟು ತ್ಯಾಗ ಕನಿಷ್ಠವಾಗಬೇಕಾದರೆ ತೆರಿಗೆಯನ್ನು ಮೇಲಿನಿಂದಲೇ ಕತ್ತರಿಸುತ್ತಾ ಬರಬೇಕು; ದುಡಿಯುವ ಉತ್ಸಾಹದ ಮಾತನ್ನು ಬದಿಗಿಟ್ಟರೆ ಆ ತರ್ಕ ನಿಲ್ಲುವುದು ಎಲ್ಲರ ಆದಾಯ ಸಮನಾದಾಗ ಮಾತ್ರ. ಉತ್ಸಾಹದ ಮಾತನ್ನು ಬದಿಗಿಡಲಾಗದು ಎಂಬುದೇ ಮುಂದಿನ ನೂರು ವರ್ಷಗಳ ತೆರಿಗೆ ಸಿದ್ಧಾಂತದ ಕಥೆ.

ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಬೇರು ಸಹಿತ ಆಕ್ಷೇಪಿಸಿದರು: ದುಡಿಮೆಯ ಗಳಿಕೆಗೆ ತೆರಿಗೆ ಹಾಕುವುದು ಬಲವಂತದ ದುಡಿಮೆಗೆ ಸಮ ಎಂಬುದು ಅವರ ವಾದ. ಇದಕ್ಕೆ ಬಂದ ಗಂಭೀರ ಉತ್ತರಗಳಲ್ಲಿ ಲಿಯಾಂ ಮರ್ಫಿ ಮತ್ತು ಥಾಮಸ್ ನೇಗಲ್ ಅವರದು ಮುಖ್ಯವಾದದ್ದು. ಆಸ್ತಿಯ ಹಕ್ಕು, ಒಪ್ಪಂದದ ಕಾನೂನು, ನ್ಯಾಯಾಲಯ, ನೋಟು ಇವೆಲ್ಲ ತೆರಿಗೆಯಿಂದಲೇ ನಡೆಯುವಾಗ, ತೆರಿಗೆಗೆ ಮುಂಚಿನ ಆದಾಯ ಎಂಬುದು ರಾಜ್ಯಕ್ಕಿಂತ ಮೊದಲೇ ನಮ್ಮದಾಗಿದ್ದ ವಸ್ತುವಲ್ಲ. ಆದ್ದರಿಂದ ಅದನ್ನು ನೈತಿಕ ಆರಂಭಬಿಂದುವಾಗಿ ಹಿಡಿಯಲಾಗದು ಎಂದು ಅವರು ಹೇಳಿದರು. ಈ ಮಾತು ನನಗೆ ಒಪ್ಪಿಗೆಯಾಗುತ್ತದೆ, ಆದರೆ ಅದರಿಂದ ಇಂಥದೇ ದರ ಸರಿ ಎಂಬ ತೀರ್ಮಾನ ಹೊರಡುವುದಿಲ್ಲ. ಅದು ಒಂದು ಅಡ್ಡಿಯನ್ನು ತೆಗೆಯುತ್ತದೆ, ದಾರಿಯನ್ನು ತೋರಿಸುವುದಿಲ್ಲ.

ಎಲ್ಲರಿಗೂ ಒಂದೇ ದರವಿದ್ದರೆ ಸರಳವೂ ನ್ಯಾಯವೂ ಆಗುವುದಿಲ್ಲವೇ?

ಸರಳತೆ ಬರುವುದು ದರಗಳ ಸಂಖ್ಯೆಯಿಂದಲ್ಲ. ಹಂತಗಳ ಪಟ್ಟಿಯನ್ನು ಕಂಪ್ಯೂಟರ್ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. ಕಾನೂನಿನ ಪುಟಗಳನ್ನು ದಪ್ಪಗೊಳಿಸುವುದು ಯಾವುದು ಆದಾಯ, ಯಾವುದು ಖರ್ಚು, ಯಾವುದಕ್ಕೆ ವಿನಾಯಿತಿ ಎಂಬ ನಿಯಮಗಳು. ವಿನಾಯಿತಿಗಳನ್ನು ಕಿತ್ತುಹಾಕಿ ಒಂದೇ ದರ ತಂದರೆ ಸರಳವಾಗುತ್ತದೆ. ಆದರೆ ಸರಳಗೊಳಿಸಿದ್ದು ಕಿತ್ತುಹಾಕಿದ ಕ್ರಿಯೆ.

ಎಸ್ಟೋನಿಯಾ 1994ರಲ್ಲಿ ಶೇ. 26ರ ಏಕದರವನ್ನು, ರಷ್ಯಾ 2001ರಲ್ಲಿ ಶೇ. 13ರ ಏಕದರವನ್ನು, ಸ್ಲೊವಾಕಿಯಾ 2004ರಲ್ಲಿ ಶೇ. 19ರ ಏಕದರವನ್ನು ತಂದವು. ಸ್ಲೊವಾಕಿಯಾ 2013ರಲ್ಲಿ, ರಷ್ಯಾ 2021ರಲ್ಲಿ ಹೆಚ್ಚಿನ ಆದಾಯಕ್ಕೆ ಎರಡನೆಯ ದರವನ್ನು ಸೇರಿಸಿದವು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ತೆರಿಗೆಮುಕ್ತ ಕನಿಷ್ಠ ಮಿತಿಯಿರುವ ಏಕದರವೂ ಸರಾಸರಿಯ ಲೆಕ್ಕದಲ್ಲಿ ಏರುವ ತೆರಿಗೆಯೇ. ಮೊದಲ 100 ನಾಣ್ಯಗಳಿಗೆ ತೆರಿಗೆಯಿಲ್ಲದೆ ಉಳಿದದ್ದಕ್ಕೆ ಶೇ. 20 ಎಂದಾದರೆ, 150 ಗಳಿಸುವವರ ಸರಾಸರಿ ದರ ಶೇ. 7ಕ್ಕಿಂತ ಕಡಿಮೆ, 1000 ಗಳಿಸುವವರದು ಶೇ. 18. ಏಕದರದ ಪರ ವಿರೋಧ ವಾದಿಸುವ ಎರಡೂ ಬಣಗಳು ಇದನ್ನು ಮರೆಯುತ್ತವೆ.

ಸಂಬಳಕ್ಕೆ ಒಂದು ದರ, ಆಸ್ತಿ ಮತ್ತು ಷೇರುಗಳ ಲಾಭಕ್ಕೆ ಇನ್ನೊಂದು ದರ ಏಕೆ?

ಆದಾಯ ತೆರಿಗೆಯ ನ್ಯಾಯದ ಪ್ರಶ್ನೆಯ ತಿರುಳು ಇಲ್ಲಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಹೇಗ್ 1921ರಲ್ಲಿ ಮತ್ತು ಹೆನ್ರಿ ಸೈಮನ್ಸ್ 1938ರಲ್ಲಿ ಆದಾಯಕ್ಕೆ ಕೊಟ್ಟ ವ್ಯಾಖ್ಯಾನ ಇಂದಿಗೂ ಅಳತೆಗೋಲಾಗಿ ಉಳಿದಿದೆ. ಒಂದು ಅವಧಿಯಲ್ಲಿ ವ್ಯಕ್ತಿ ಅನುಭೋಗಕ್ಕೆ ಬಳಸಿದ್ದರ ಮೌಲ್ಯಕ್ಕೆ ಅದೇ ಅವಧಿಯಲ್ಲಿ ಅವರ ಸಂಪತ್ತಿನಲ್ಲಾದ ಏರಿಕೆಯನ್ನು ಕೂಡಿಸಿದರೆ ಬರುವುದೇ ಆದಾಯ. ಈ ಲೆಕ್ಕದಲ್ಲಿ ಸಂಬಳವಾಗಿ ಬಂದ 100 ನಾಣ್ಯಕ್ಕೂ ಕೈಯಲ್ಲಿರುವ ಷೇರಿನ ಬೆಲೆ 100 ನಾಣ್ಯ ಏರಿದ್ದಕ್ಕೂ ವ್ಯತ್ಯಾಸವಿಲ್ಲ. ಎರಡೂ ಆದಾಯವೇ; ಷೇರನ್ನು ಮಾರಿದ್ದಾರೋ ಇಲ್ಲವೋ ಎಂಬುದು ಅಪ್ರಸ್ತುತ.

ಯಾವ ದೇಶವೂ ಇದನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಬಂಡವಾಳ ಗಳಿಕೆಗೆ, ಅಂದರೆ ಆಸ್ತಿಯ ಬೆಲೆ ಏರಿದ್ದರಿಂದ ಬಂದ ಲಾಭಕ್ಕೆ, ಸಾಮಾನ್ಯವಾಗಿ ತೆರಿಗೆ ಬೀಳುವುದು ಆಸ್ತಿಯನ್ನು ಮಾರಿದಾಗ. ಇದಕ್ಕೆ ಪ್ರಾಯೋಗಿಕ ಕಾರಣಗಳಿವೆ: ಮಾರದ ಆಸ್ತಿಗೆ ಪ್ರತಿವರ್ಷ ಬೆಲೆ ಕಟ್ಟುವುದು ಕಷ್ಟ, ಕೈಗೆ ನಗದು ಬಾರದೆ ತೆರಿಗೆ ಕಟ್ಟುವುದು ಇನ್ನೂ ಕಷ್ಟ. ಆದರೆ ಪರಿಣಾಮ ಸಣ್ಣದಲ್ಲ. ಸಂಬಳದವರ ತೆರಿಗೆ ತಿಂಗಳ ಕೊನೆಗೇ ಹೋಗುತ್ತದೆ. ಆಸ್ತಿಯವರ ತೆರಿಗೆ ಅವರು ಮಾರಲು ಮನಸ್ಸು ಮಾಡುವವರೆಗೆ, ಮೂವತ್ತು ವರ್ಷವಾದರೂ ಸರಿ, ಕಾಯುತ್ತದೆ. ಈ ಮುಂದೂಡಿಕೆ ಸರ್ಕಾರ ಕೊಟ್ಟ ಬಡ್ಡಿರಹಿತ ಸಾಲಕ್ಕೆ ಸಮ. ಆಸ್ತಿಯನ್ನು ಮಾರದೆ ಅದರ ಮೇಲೆ ಸಾಲ ಪಡೆದು ಬದುಕು ಸಾಗಿಸಬಹುದು, ಏಕೆಂದರೆ ಸಾಲ ಆದಾಯವಲ್ಲ. ಅಮೆರಿಕದಲ್ಲಿ ಮಾಲೀಕರು ತೀರಿಕೊಂಡರೆ ವಾರಸುದಾರರ ಪಾಲಿಗೆ ಆಸ್ತಿಯ ಮೂಲಬೆಲೆಯೇ (ಲಾಭದ ಲೆಕ್ಕಕ್ಕೆ ಹಿಡಿಯುವ ಖರೀದಿ ಬೆಲೆ) ಆ ದಿನದ ಮಾರುಕಟ್ಟೆ ಬೆಲೆಗೆ ಏರುತ್ತದೆ. ಅಲ್ಲಿಯವರೆಗಿನ ಗಳಿಕೆಗೆ ಆದಾಯ ತೆರಿಗೆ ಎಂದೆಂದಿಗೂ ಬೀಳುವುದಿಲ್ಲ. ಮುಂದೂಡಿಕೆಯ ಮೇಲೆ ಕಡಿಮೆ ದರವನ್ನೂ ಸೇರಿಸಿದರೆ, ಹಂತಗಳ ಪಟ್ಟಿಯಲ್ಲಿ ಕಾಣುವ ಏರಿಕೆ ಆದಾಯದ ತುತ್ತತುದಿಯಲ್ಲಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಕಡಿಮೆ ದರದ ಪರ ವಾದಗಳನ್ನೂ ಹೇಳಬೇಕು. ಗಳಿಕೆಯ ಒಂದು ಭಾಗ ಕೇವಲ ಹಣದುಬ್ಬರ. ಬಂಡವಾಳ ಗಡಿ ದಾಟಿ ಓಡಬಲ್ಲದು. ಕಂಪನಿಯ ಲಾಭಕ್ಕೆ ಈಗಾಗಲೇ ತೆರಿಗೆ ಬಿದ್ದಿರುತ್ತದೆ. ಮಾರಿದರೆ ತೆರಿಗೆ ಎಂಬ ಭಯಕ್ಕೆ ಜನ ಹಳೆಯ ಹೂಡಿಕೆಗೇ ಅಂಟಿಕೊಂಡು ಕೂರುತ್ತಾರೆ. ಮೊದಲನೆಯದಕ್ಕೆ ಮೂಲಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವ ಸೂಚ್ಯಂಕದ ಹೊಂದಾಣಿಕೆ ಸಾಕು, ಕೊನೆಯದು ಮಾರಿದಾಗ ಮಾತ್ರ ತೆರಿಗೆ ಎಂಬ ನಿಯಮದಿಂದಲೇ ಹುಟ್ಟಿದ ಸಮಸ್ಯೆ. ನಡುವಿನ ಎರಡರಲ್ಲಿ ನಿಜವಾದ ತೂಕವಿದೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ನಂಥ ಉತ್ತರ ಯುರೋಪಿನ ನಾರ್ಡಿಕ್ ದೇಶಗಳು ಈ ಬಿಕ್ಕಟ್ಟಿಗೆ ಒಂದು ರಾಜಿ ಕಂಡುಕೊಂಡವು. ಸ್ವೀಡನ್ 1991ರಲ್ಲಿ ಬಂಡವಾಳದ ಆದಾಯಕ್ಕೆಲ್ಲ ಶೇ. 30ರ ಏಕದರ, ದುಡಿಮೆಯ ಆದಾಯಕ್ಕೆ ಏರುವ ದರ ಎಂದು ವಿಭಜಿಸಿತು. ಅದರಿಂದ ಹೊಸ ತಲೆನೋವೂ ಬಂತು: ತಮ್ಮದೇ ಕಂಪನಿಯಲ್ಲಿ ದುಡಿಯುವವರು ಸಂಬಳವನ್ನು ಲಾಭಾಂಶವೆಂದು ತೋರಿಸದಂತೆ ತಡೆಯಲು ಪ್ರತ್ಯೇಕ ನಿಯಮಗಳ ಬೇಲಿಯನ್ನೇ ಕಟ್ಟಬೇಕಾಯಿತು. ಎಲ್ಲಿ ಎರಡು ದರಗಳಿವೆಯೋ ಅಲ್ಲಿ ಆದಾಯ ವೇಷ ಬದಲಿಸುತ್ತದೆ.

ತೆರಿಗೆ ವಿನಾಯಿತಿಯಿಂದ ಯಾರಿಗೆ ಲಾಭ?

ವಿನಾಯಿತಿ ಎಂದರೆ ಸರ್ಕಾರ ಹಣ ತೆಗೆದುಕೊಳ್ಳದಿರುವುದು. ಆದ್ದರಿಂದ ಅದು ಖರ್ಚಲ್ಲ ಎಂಬ ಭಾವನೆ ಇದೆ. ಈ ಭಾವನೆಯನ್ನು ಪ್ರಶ್ನಿಸಿದವರು ಅಮೆರಿಕದ ಖಜಾನೆ ಇಲಾಖೆಯಲ್ಲಿದ್ದ ಸ್ಟಾನ್ಲಿ ಸರ್ರಿ. ಮನೆಸಾಲದ ಬಡ್ಡಿಗೆ ಕೊಡುವ ಕಡಿತವೂ ಮನೆ ಕೊಳ್ಳುವವರಿಗೆ ಚೆಕ್ ಬರೆದುಕೊಡುವುದೂ ಖಜಾನೆಯ ದೃಷ್ಟಿಯಲ್ಲಿ ಒಂದೇ, ಎರಡನ್ನೂ ಬಜೆಟ್ಟಿನಲ್ಲಿ ತೋರಿಸಬೇಕು ಎಂದು 1960ರ ದಶಕದ ಕೊನೆಯಲ್ಲಿ ಅವರು ವಾದಿಸಿದರು. ಇಂದು ಭಾರತವೂ ಸೇರಿ ಅನೇಕ ದೇಶಗಳು ಹೀಗೆ ಬಿಟ್ಟುಕೊಟ್ಟ ವರಮಾನದ ಲೆಕ್ಕವನ್ನು ಪ್ರಕಟಿಸುತ್ತವೆ.

ಹಂಚಿಕೆಯನ್ನು ನೋಡಿದರೆ ಅವರ ಮಾತಿನ ತೀಕ್ಷ್ಣತೆ ತಿಳಿಯುತ್ತದೆ. ಹಿಂದಿನ ಕಾಲ್ಪನಿಕ ಪದ್ಧತಿಯಲ್ಲಿ ಯಾವುದೋ ಖರ್ಚಿಗೆ 10 ನಾಣ್ಯಗಳ ಕಡಿತ ಕೊಟ್ಟರೆ, ಮೇಲಿನ ಹಂತದವರಿಗೆ ಉಳಿಯುವುದು 3, ಕೆಳಗಿನ ಹಂತದವರಿಗೆ 1, ತೆರಿಗೆಯ ಮಿತಿಗಿಂತ ಕೆಳಗಿರುವವರಿಗೆ ಏನೂ ಇಲ್ಲ. ಇದೇ ನಿಯಮವನ್ನು ಸಹಾಯಧನದ ಯೋಜನೆಯಾಗಿ, ಶ್ರೀಮಂತರಿಗೆ ಮೂರು ಪಟ್ಟು ಎಂದು ಬರೆದು ಶಾಸನಸಭೆಯ ಮುಂದಿಟ್ಟರೆ ಒಬ್ಬರೂ ಕೈ ಎತ್ತುವುದಿಲ್ಲ. ಆದಾಯದಿಂದ ಕಳೆಯುವ ಬದಲು ತೆರಿಗೆಯಿಂದಲೇ ಎಲ್ಲರಿಗೂ ಸಮಾನ ಮೊತ್ತವನ್ನು ಕಳೆದರೆ ಈ ತಲೆಕೆಳಗಾದ ಹಂಚಿಕೆ ತಪ್ಪುತ್ತದೆ. ತೆರಿಗೆ ಇಲ್ಲದವರಿಗೆ ಆ ಮೊತ್ತವನ್ನು ಪಾವತಿಸಿದರೆ ಇನ್ನೂ ಉತ್ತಮ.

ಎಲ್ಲ ಕಡಿತಗಳೂ ಕೃಪೆಯಲ್ಲ ಎಂಬುದನ್ನೂ ಹೇಳಬೇಕು. ಆದಾಯ ಗಳಿಸಲು ತಗುಲಿದ ಖರ್ಚನ್ನು ಕಳೆಯುವುದು ಆದಾಯವನ್ನು ಸರಿಯಾಗಿ ಅಳೆಯುವ ಕ್ರಮ. ಭಾರಿ ವೈದ್ಯಕೀಯ ವೆಚ್ಚ ತಗುಲಿದವರ ಕೊಡುವ ಶಕ್ತಿ ಕಡಿಮೆ ಎಂಬುದೂ ನಿಜ.

ಗಂಡ ಹೆಂಡತಿಗೆ ಒಟ್ಟಾಗಿ ತೆರಿಗೆ ಹಾಕಬೇಕೇ, ಬೇರೆ ಬೇರೆಯಾಗಿಯೇ?

ಮೂರು ಅಪೇಕ್ಷೆಗಳು ಎಲ್ಲರಿಗೂ ಸಹಜವೆನಿಸುತ್ತವೆ: ದರ ಆದಾಯದೊಂದಿಗೆ ಏರಬೇಕು, ಒಟ್ಟು ಆದಾಯ ಸಮನಾಗಿರುವ ದಂಪತಿಗಳಿಗೆ ಸಮಾನ ತೆರಿಗೆ ಬೀಳಬೇಕು, ಮದುವೆಯಾದ ಮಾತ್ರಕ್ಕೆ ತೆರಿಗೆ ಬದಲಾಗಬಾರದು. ಈ ಮೂರೂ ಒಟ್ಟಿಗೆ ಸಾಧ್ಯವೇ ಇಲ್ಲ. ಇದು ರಾಜಕೀಯದ ಮಿತಿಯಲ್ಲ, ಗಣಿತದ ಮಿತಿ.

ಹಿಂದಿನ ಪಟ್ಟಿಯನ್ನೇ ಬಳಸಿದರೆ, ಒಬ್ಬರೇ 400 ದುಡಿಯುವ ದಂಪತಿ ಬಿಡಿಬಿಡಿಯಾಗಿ ಲೆಕ್ಕ ಹಾಕಿದಾಗ 50 ಕಟ್ಟುತ್ತಾರೆ. ತಲಾ 200 ದುಡಿಯುವ ದಂಪತಿ 20 ಕಟ್ಟುತ್ತಾರೆ. ಎರಡನೆಯ ಅಪೇಕ್ಷೆ ಮುರಿಯಿತು. ಇಬ್ಬರ ಆದಾಯವನ್ನು ಕೂಡಿಸಿ ಅದೇ ಪಟ್ಟಿಯನ್ನು ಅನ್ವಯಿಸಿದರೆ ಎರಡೂ ಕುಟುಂಬಗಳು 50 ಕಟ್ಟುತ್ತವೆ, ಆದರೆ ತಲಾ 200 ದುಡಿಯುವವರಿಗೆ ಮದುವೆಯಿಂದ 30ರ ದಂಡ. ಕೂಡಿಸಿ ಎರಡಾಗಿ ಭಾಗಿಸಿದರೆ ಎರಡೂ ಕುಟುಂಬಗಳು 20 ಕಟ್ಟುತ್ತವೆ, ಆದರೆ ಒಬ್ಬರೇ ದುಡಿಯುವವರಿಗೆ ಮದುವೆಯಿಂದ 30ರ ಬಹುಮಾನ.

ದೇಶಗಳು ಬೇರೆ ಬೇರೆ ಆಯ್ಕೆ ಮಾಡಿಕೊಂಡಿವೆ. ಫ್ರಾನ್ಸ್ 1945ರಿಂದ ಕುಟುಂಬದ ಸದಸ್ಯರ ಸಂಖ್ಯೆಗೆ ಅನುಗುಣವಾಗಿ ಆದಾಯವನ್ನು ಭಾಗಿಸುತ್ತದೆ, ಅಮೆರಿಕ 1948ರಲ್ಲಿ ದಂಪತಿಗಳಿಗೆ ವಿಭಜನೆಯ ಪದ್ಧತಿ ತಂದಿತು, ಸ್ವೀಡನ್ 1971ರಲ್ಲಿ ದುಡಿಮೆಯ ಆದಾಯಕ್ಕೆ ವ್ಯಕ್ತಿಗತ ತೆರಿಗೆಗೆ ಬದಲಾಯಿತು. ಒಟ್ಟು ಆದಾಯದ ಲೆಕ್ಕದಲ್ಲಿ ಎರಡನೆಯ ದುಡಿಮೆಗಾರರ ಮೊದಲ ನಾಣ್ಯವೇ ಸಂಗಾತಿಯ ಮೇಲಿನ ಹಂತದಿಂದ ತೆರಿಗೆಗೆ ಒಳಗಾಗುತ್ತದೆ, ಆ ಎರಡನೆಯವರು ಹೆಚ್ಚಾಗಿ ಮಹಿಳೆಯರೇ. ಸ್ವೀಡನ್ನಿನಲ್ಲಿ ವಿವಾಹಿತ ಮಹಿಳೆಯರ ಉದ್ಯೋಗ ಹೆಚ್ಚಲು ಆ ಸುಧಾರಣೆಯೂ ಒಂದು ಕಾರಣವೆಂದು ಅರ್ಥಶಾಸ್ತ್ರಜ್ಞರು ಗುರುತಿಸುತ್ತಾರೆ.

ದರ ಏರಿಸಿದಷ್ಟೂ ವರಮಾನ ಏರುತ್ತದೆಯೇ?

ಒಂದು ಹಂತದವರೆಗೆ. ದರ ಸೊನ್ನೆಯಾದರೂ ವರಮಾನವಿಲ್ಲ, ನೂರಾದರೂ ವರಮಾನವಿಲ್ಲ. ಗರಿಷ್ಠ ವರಮಾನ ನಡುವೆ ಎಲ್ಲೋ ಇರುತ್ತದೆ. ಈ ಮಾತಿಗೆ 1970ರ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲಾಫರ್ ಅವರ ಹೆಸರು ಅಂಟಿತು, ಆದರೆ ಅರಬ್ ಇತಿಹಾಸಕಾರ ಇಬ್ನ್ ಖಾಲ್ದೂನ್ 14ನೇ ಶತಮಾನದಲ್ಲೇ ಇದರ ತಿರುಳನ್ನು ಹೇಳಿದ್ದರು. ಎಲ್ಲೋ ಎಂದರೆ ಎಲ್ಲಿ ಎಂಬುದೇ ಪ್ರಶ್ನೆ. ದರಕ್ಕೂ ವರಮಾನಕ್ಕೂ ಇರುವ ಸಂಬಂಧವನ್ನು ತೋರಿಸುವ ಲಾಫರ್ ವಕ್ರರೇಖೆಯ ಚಿತ್ರ ಅದಕ್ಕೆ ಉತ್ತರಿಸುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಪೀಟರ್ ಡೈಮಂಡ್ ಮತ್ತು ಇಮ್ಯಾನುಯೆಲ್ ಸೇಜ್ 2011ರಲ್ಲಿ, ಅಮೆರಿಕದ ಅತಿ ಹೆಚ್ಚಿನ ಆದಾಯಗಳ ಮೇಲೆ ಎಲ್ಲ ತೆರಿಗೆಗಳೂ ಸೇರಿ ಗರಿಷ್ಠ ವರಮಾನ ತರುವ ಸೀಮಾಂತ ದರವನ್ನು ಶೇ. 73 ಎಂದು ಅಂದಾಜಿಸಿದರು. ಅವರ ಊಹೆಗಳನ್ನು ಒಪ್ಪದವರು ಇದಕ್ಕಿಂತ ಬಹಳ ಕೆಳಗಿನ ಸಂಖ್ಯೆ ಹೇಳುತ್ತಾರೆ. ಇದಕ್ಕೂ ಹಿಂದೆ, 1971ರಲ್ಲಿ, ಜೇಮ್ಸ್ ಮಿರ್‌ಲೀಸ್ ಸಮಾನತೆಗೂ ದುಡಿಯುವ ಉತ್ಸಾಹಕ್ಕೂ ನಡುವಿನ ಎಳೆದಾಟವನ್ನು ಗಣಿತದಲ್ಲಿ ಹಿಡಿದಿಟ್ಟಿದ್ದರು. ಹೆಚ್ಚಿನ ದರಗಳಿಗೆ ಸಮರ್ಥನೆ ಸಿಗಬಹುದೆಂದು ನಿರೀಕ್ಷಿಸಿದ್ದ ಅವರಿಗೆ ತಮ್ಮದೇ ಲೆಕ್ಕ ಅದಕ್ಕಿಂತ ಕಡಿಮೆ ದರಗಳನ್ನು ತೋರಿಸಿತು; ಅವರು ಅದನ್ನು ಮರೆಮಾಚಲಿಲ್ಲ. ಈ ಕ್ಷೇತ್ರದ ಕೆಲಸಕ್ಕೆ 1996ರಲ್ಲಿ ಅವರಿಗೆ ನೊಬೆಲ್ ಬಂತು.

ಇತಿಹಾಸದಲ್ಲಿ ಅತಿರೇಕದ ದರಗಳೂ ಇದ್ದವು. ಅಮೆರಿಕದ ಗರಿಷ್ಠ ದರ 1944ರಲ್ಲಿ ಶೇ. 94, ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯ ಭಾಗದಲ್ಲಿ ಹೂಡಿಕೆಯ ಆದಾಯಕ್ಕೆ ಶೇ. 98; ಭಾರತದಲ್ಲಿ 1973-74ರಲ್ಲಿ ಸರ್‌ಚಾರ್ಜ್ ಸೇರಿ ಶೇ. 97.75. ಅಷ್ಟು ಎತ್ತರದ ದರಗಳಲ್ಲಿ ಕಟ್ಟಿದವರು ಅತಿ ಕಡಿಮೆ. ದರ ಶೇ. 98 ಇದ್ದಾಗ ಒಂದು ನಾಣ್ಯವನ್ನು ಆದಾಯದ ಲೆಕ್ಕದಿಂದ ಹೊರಗಿಡುವ ಉಪಾಯಕ್ಕೆ ಹೆಚ್ಚುಕಡಿಮೆ ಒಂದು ನಾಣ್ಯದಷ್ಟೇ ಬೆಲೆ ಬರುತ್ತದೆ, ಜಾಣ ಸಲಹೆಗಾರರ ಇಡೀ ವೃತ್ತಿಯೇ ಅದರ ಮೇಲೆ ಬೆಳೆಯುತ್ತದೆ. ತಳಹದಿಯಲ್ಲಿ ತೂತುಗಳನ್ನು ಬಿಟ್ಟು ದರವನ್ನು ಏರಿಸುವುದು ನ್ಯಾಯದ ಪ್ರದರ್ಶನ ಮಾತ್ರ.

ದರಗಳನ್ನು ಮುಟ್ಟದೆಯೇ ತೆರಿಗೆ ಏರಿಸಬಹುದೇ?

ಏರಿಸಬಹುದು, ಸರ್ಕಾರಗಳು ಸದ್ದಿಲ್ಲದೆ ಏರಿಸುತ್ತಲೂ ಇರುತ್ತವೆ. ಬೆಲೆಗಳೂ ಸಂಬಳಗಳೂ ಏರುತ್ತಿರುವಾಗ ಹಂತಗಳ ಗಡಿಗಳನ್ನು ಇದ್ದಲ್ಲೇ ಬಿಟ್ಟರೆ, ಕೊಳ್ಳುವ ಶಕ್ತಿ ಕೂದಲೆಳೆಯಷ್ಟೂ ಹೆಚ್ಚದವರೂ ಮೇಲಿನ ಹಂತ ಸೇರುತ್ತಾರೆ. ಅಮೆರಿಕ 1981ರ ಕಾನೂನಿನ ಮೂಲಕ, 1985ರಿಂದ ಜಾರಿಗೆ ಬರುವಂತೆ, ಹಂತಗಳನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಶಾಸನಸಭೆಯಲ್ಲಿ ಮತಕ್ಕೆ ಬಾರದ ತೆರಿಗೆ ಏರಿಕೆಗೆ ಪ್ರಜಾಪ್ರಭುತ್ವದಲ್ಲಿ ಸಮರ್ಥನೆ ಕಷ್ಟ.

ನೌಕರರ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ, ಬೇರೆಯವರು ತಪ್ಪಿಸಿಕೊಳ್ಳುತ್ತಾರೆ. ಇದು ಅನ್ಯಾಯವಲ್ಲವೇ?

ಈ ದೂರಿನಲ್ಲಿ ಹುರುಳಿದೆ. ಅಮೆರಿಕ 1943ರಲ್ಲಿ, ಬ್ರಿಟನ್ 1944ರಲ್ಲಿ ಸಂಬಳದ ಮೂಲದಲ್ಲೇ ತೆರಿಗೆ ಕಡಿತಗೊಳಿಸುವ ಪದ್ಧತಿಯನ್ನು ಸಾರ್ವತ್ರಿಕಗೊಳಿಸಿದವು. ಕೋಟ್ಯಂತರ ನೌಕರರಿಂದ ವಸೂಲಿ ಸಾಧ್ಯವಾದದ್ದೇ ಇದರಿಂದ. ಡೆನ್ಮಾರ್ಕಿನಲ್ಲಿ ಸಾವಿರಾರು ತೆರಿಗೆದಾರರ ಲೆಕ್ಕಗಳನ್ನು ತಪಾಸಣೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನಿಚ್ಚಳವಾಗಿ ತೋರಿಸಿತು: ಉದ್ಯೋಗದಾತರೋ ಬ್ಯಾಂಕೋ ನೇರವಾಗಿ ವರದಿ ಮಾಡುವ ಆದಾಯದಲ್ಲಿ ವಂಚನೆ ಹೆಚ್ಚುಕಡಿಮೆ ಶೂನ್ಯ, ತಾವೇ ಘೋಷಿಸಿಕೊಳ್ಳುವ ಆದಾಯದಲ್ಲಿ ಗಣನೀಯ. ಎರಡೂ ಬಗೆಯ ಆದಾಯ ಇರುವವರು ಒಂದರಲ್ಲಿ ಪ್ರಾಮಾಣಿಕರಾಗಿದ್ದು ಇನ್ನೊಂದರಲ್ಲಿ ಮುಚ್ಚಿಡುತ್ತಿದ್ದರು. ಅಂದರೆ ನೌಕರರು ಹೆಚ್ಚು ಸತ್ಯವಂತರೆಂದಲ್ಲ, ಅವರ ಆದಾಯಕ್ಕೆ ಮೂರನೆಯವರ ಸಾಕ್ಷಿಯಿದೆ ಎಂದಷ್ಟೇ. ಪರಿಹಾರವೂ ಆ ಸಾಕ್ಷಿಯ ವ್ಯಾಪ್ತಿಯನ್ನು ಹಿಗ್ಗಿಸುವುದರಲ್ಲಿದೆ. ಸಿಕ್ಕವರ ದರವನ್ನೇ ಮತ್ತೆ ಏರಿಸುವುದರಲ್ಲಿಲ್ಲ.

ಆದಾಯ ತೆರಿಗೆ ಕಟ್ಟದವರು ದೇಶಕ್ಕೆ ಏನೂ ಕೊಡುವುದಿಲ್ಲ ಎನ್ನಬಹುದೇ?

ಎನ್ನಲಾಗದು. ಸರಕು ಸೇವೆಗಳ ಮೇಲಿನ ತೆರಿಗೆಯನ್ನು ಅವರು ಪ್ರತಿ ಖರೀದಿಯಲ್ಲೂ ಕಟ್ಟುತ್ತಾರೆ. ಆದಾಯದ ಬಹುಪಾಲು ಖರ್ಚಾಗಿಹೋಗುವ ಕುಟುಂಬಕ್ಕೆ, ವರ್ಷದ ಲೆಕ್ಕದಲ್ಲಿ, ಅರ್ಧವನ್ನು ಉಳಿಸಬಲ್ಲ ಕುಟುಂಬಕ್ಕಿಂತ ಅದರ ಹೊರೆ ಪ್ರಮಾಣದಲ್ಲಿ ಹೆಚ್ಚು. ಆದ್ದರಿಂದ ಆದಾಯ ತೆರಿಗೆಯೊಂದನ್ನೇ ನೋಡಿ ನ್ಯಾಯವನ್ನು ತೂಗಬಾರದು. ಎಲ್ಲ ತೆರಿಗೆಗಳನ್ನೂ, ಆ ಹಣದಿಂದ ನಡೆಯುವ ಶಾಲೆ, ಆಸ್ಪತ್ರೆ, ಪಿಂಚಣಿಗಳನ್ನೂ ಒಟ್ಟಿಗೆ ತೂಗಬೇಕು. ಅಸಮಾನತೆ ಕಡಿಮೆಯಿರುವ ನಾರ್ಡಿಕ್ ದೇಶಗಳಲ್ಲಿ ಸರಕು ಸೇವೆಗಳ ತೆರಿಗೆಯೂ ಭಾರಿಯಾಗಿದೆ: ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಸಾಮಾನ್ಯ ದರ ಶೇ. 25. ಅಲ್ಲಿ ಸಮಾನತೆಯ ಕೆಲಸದ ದೊಡ್ಡ ಪಾಲನ್ನು ಮಾಡುವುದು ಖರ್ಚಿನ ಬದಿ.

ತೆರಿಗೆಯ ಮೂಲಕವೇ ಬಡವರಿಗೆ ಹಣ ಕೊಡಬಹುದೇ?

ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಪ್ರಚುರಪಡಿಸಿದ ಋಣಾತ್ಮಕ ಆದಾಯ ತೆರಿಗೆ ಇದೇ ಯೋಚನೆ: ಮಿತಿಗಿಂತ ಕೆಳಗಿರುವವರಿಂದ ತೆಗೆದುಕೊಳ್ಳದಿರುವುದಷ್ಟೇ ಅಲ್ಲ, ಕೊರತೆಯ ಒಂದು ಪಾಲನ್ನು ಅವರಿಗೆ ಕೊಡುವುದು. ಮಾರುಕಟ್ಟೆಯ ಕಟ್ಟಾ ಬೆಂಬಲಿಗರಿಂದ ಈ ಸಲಹೆ ಬಂದದ್ದು ಕುತೂಹಲಕರ. ಅಮೆರಿಕ 1975ರಲ್ಲಿ ಇದಕ್ಕೆ ಹತ್ತಿರವಾದ, ಆದರೆ ದುಡಿಯುವವರಿಗೆ ಮಾತ್ರ ಸಿಗುವ ತೆರಿಗೆ ಜಮೆಯನ್ನು (ತೆರಿಗೆಯಿಂದ ಕಳೆದು, ಮಿಕ್ಕಿದ್ದನ್ನು ಕೈಗೆ ಕೊಡುವ ಮೊತ್ತ) ಆರಂಭಿಸಿತು. ತೊಡಕು ಇರುವುದು ಸಹಾಯವನ್ನು ಹಿಂತೆಗೆಯುವ ವೇಗದಲ್ಲಿ. ಗಳಿಸಿದ ಪ್ರತಿ 10 ನಾಣ್ಯಕ್ಕೆ 6 ನಾಣ್ಯ ಸಹಾಯ ಕಡಿತವಾದರೆ, ಆ ಬಡ ಕುಟುಂಬ ಎದುರಿಸುವುದು ಶೇ. 60ರ ಸೀಮಾಂತ ದರವನ್ನು. ಎಷ್ಟೋ ದೇಶಗಳಲ್ಲಿ ಕೋಟ್ಯಧಿಪತಿಗಳಿಗೂ ಅಷ್ಟು ದರವಿಲ್ಲ.

ಆದಾಯದ ಬದಲು ಖರ್ಚಿಗೆ ತೆರಿಗೆ ಹಾಕಿದರೆ ಹೇಗೆ?

ಸಮಾಜಕ್ಕೆ ಕೂಡಿಸಿದ್ದಕ್ಕಲ್ಲ, ಸಮಾಜದಿಂದ ತೆಗೆದುಕೊಂಡದ್ದಕ್ಕೆ ತೆರಿಗೆ ಬೀಳಬೇಕು ಎಂಬ ವಾದ 17ನೇ ಶತಮಾನದ ತತ್ವಜ್ಞಾನಿ ಹಾಬ್ಸ್ ಕಾಲದಷ್ಟು ಹಳೆಯದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1955ರಲ್ಲಿ ಏರುವ ದರಗಳ ವ್ಯಕ್ತಿಗತ ವೆಚ್ಚ ತೆರಿಗೆಯನ್ನು ಪ್ರತಿಪಾದಿಸಿದರು. ಅವರ ಸಲಹೆಯಂತೆ ಭಾರತ 1957ರಲ್ಲಿ ಕಾಯ್ದೆ ಮಾಡಿತು; ವಸೂಲಿ ಅತ್ಯಲ್ಪವಾಗಿ, ಆಡಳಿತ ಕಷ್ಟವಾಗಿ, ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ತಂದು, 1966ರಲ್ಲಿ ಕೈಬಿಟ್ಟಿತು. ಕಾಗದದ ಮೇಲೆ ಇದು ಸಂಬಳ ಮತ್ತು ಬಂಡವಾಳ ಗಳಿಕೆಗಳ ನಡುವಿನ ಗೋಜಲನ್ನು ಬಗೆಹರಿಸುತ್ತದೆ, ಏಕೆಂದರೆ ಹಣ ಎಲ್ಲಿಂದ ಬಂದರೂ ಖರ್ಚು ಖರ್ಚೇ. ಆದರೆ ಖರ್ಚೇ ಆಗದೆ ಕೂಡಿಬೀಳುವ ಸಂಪತ್ತು ತಲೆಮಾರುಗಳವರೆಗೆ ತೆರಿಗೆಯ ಹೊರಗೆ ಉಳಿಯುತ್ತದೆ. ಪಿತ್ರಾರ್ಜಿತದ ಮೇಲೆ ತೆರಿಗೆಯಿಲ್ಲದ ಕಡೆ ಇದನ್ನು ನ್ಯಾಯದ ಹೆಸರಿನಲ್ಲಿ ಶಿಫಾರಸು ಮಾಡಲು ನಾನು ಸಿದ್ಧನಿಲ್ಲ.

ಯಾರು ಎಷ್ಟು ತೆರಿಗೆ ಕಟ್ಟಿದರೆಂಬುದು ಬಹಿರಂಗವಾಗಬೇಕೇ?

ಹೆಚ್ಚಿನ ದೇಶಗಳಲ್ಲಿ ಅದು ಗೋಪ್ಯ. ಆದರೆ ನಾರ್ವೆಯಲ್ಲಿ ಪ್ರತಿಯೊಬ್ಬರ ಆದಾಯ, ಸಂಪತ್ತು, ಕಟ್ಟಿದ ತೆರಿಗೆಯ ಮೂಲ ಅಂಕಿಗಳನ್ನು ಇತರರು ನೋಡಬಹುದು. ಈ ಪರಂಪರೆ 19ನೇ ಶತಮಾನದಿಂದ ಬಂದದ್ದು. ಅಂಕಿಗಳು ಅಂತರ್ಜಾಲಕ್ಕೆ ಬಂದಾಗ ಜನ ಸಹೋದ್ಯೋಗಿಗಳ, ನೆರೆಯವರ ಆದಾಯವನ್ನು ಕುತೂಹಲಕ್ಕೆ ಹುಡುಕತೊಡಗಿದರು. 2014ರಿಂದ, ತಮ್ಮ ವಿವರವನ್ನು ಯಾರು ನೋಡಿದರೆಂಬುದು ಆಯಾ ವ್ಯಕ್ತಿಗೆ ತಿಳಿಯುವಂತೆ ನಿಯಮ ಮಾಡಲಾಯಿತು. ದಾಖಲೆಗಳು ಬಹಿರಂಗವಾಗಿಯೇ ಉಳಿದವು, ಹುಡುಕಾಟಗಳು ಮಾತ್ರ ಥಟ್ಟನೆ ಇಳಿದವು.